ಏಕನಟರಂಗದಲ್ಲಿ ಕ್ರೈಸ್ತವಾಙ್ಮಯ: ಪ್ರೇಕ್ಷಕರ ನಗೆ ಮತ್ತು ಮೌನ

ಭರತನ ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವು ಸಿದ್ಧಿಯನ್ನು ಕುರಿತದ್ದು. ಪ್ರಯೋಗವು ಫಲಿಸಿತೋ ಇಲ್ಲವೋ ಎಂಬುದನ್ನು ಸಭೆಯ ಕಡೆಯಿಂದ ಅಳೆಯುವ ಈ ಅಧ್ಯಾಯಕ್ಕೆ ರಸಾಧ್ಯಾಯದ ಕೀರ್ತಿ ದೊರೆತಿಲ್ಲ. ಸಾಹಿತ್ಯವಿಮರ್ಶೆಯಲ್ಲಿ ಅದರ ಪ್ರಸ್ತಾಪವೇ ಅಪೂರ್ವ. ಅಲ್ಲಿ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಂಗಡಿಸಿದೆ. ಪ್ರೇಕ್ಷಕರ ಮುಗುಳುನಗೆ, ಅರ್ಧನಗೆ, ಗಟ್ಟಿನಗೆ, 'ಸಾಧು' ಎಂಬ ಮೆಚ್ಚು, 'ಅಹೋ' ಎಂಬ ವಿಸ್ಮಯ, 'ಕಷ್ಟಂ' ಎಂಬ ಮರುಕ, ಒಮ್ಮೆಗೇ ಎದ್ದುಬರುವ ಕೋಲಾಹಲ, ಇವು ಮಾನುಷಿಯಲ್ಲಿ ವಾಕ್ಕಿಗೆ ಸೇರಿದುವು. ಮೈನವಿರೇಳುವುದು, ಆಸನವನ್ನು ಬಿಟ್ಟು ಏಳುವುದು, ಮೈಮೇಲಿನ ವಸ್ತ್ರವನ್ನು ತೆಗೆದುಕೊಡುವುದು ಮೊದಲಾದುವು ಶರೀರಕ್ಕೆ ಸೇರಿದುವು. ದೈವಿಕಿಗೆ ಹೇಳಿರುವ ಲಕ್ಷಣವಾದರೋ ಬಹು ಚಿಕ್ಕದು. ರಂಗವು ತುಂಬಿರಬೇಕು, ಸದ್ದಿರಬಾರದು, ಕ್ಷೋಭೆಯಿರಬಾರದು, ಉತ್ಪಾತವಿರಬಾರದು. ಅಂದರೆ ಸಭೆಯು ಏನನ್ನೂ ಮಾಡದೆ ಕುಳಿತಿರುವ ಸ್ಥಿತಿಯೇ ಮೇಲಾದ ಸಿದ್ಧಿಯೆಂದು ಶಾಸ್ತ್ರಕಾರನ ಅಭಿಪ್ರಾಯ.

ಈ ಹಳೆಯ ಅಳತೆಗೋಲು ಅದು ಹುಟ್ಟಿದ ನಾಡಿಗೂ ಕಾಲಕ್ಕೂ ಬಹುದೂರವಾದ ಒಂದು ರಂಗಪ್ರಕಾರಕ್ಕೆ ಆಶ್ಚರ್ಯಕರವಾಗಿ ಒಪ್ಪುತ್ತದೆ. ಇಂಗ್ಲಿಷ್ ಭಾಷೆಯ ರಂಗಭೂಮಿಯಲ್ಲಿ ಕಳೆದ ಸುಮಾರು ಐವತ್ತು ವರ್ಷಗಳಿಂದ ಕ್ರೈಸ್ತಸಾಹಿತ್ಯದ ಗ್ರಂಥಗಳನ್ನು ಒಬ್ಬನೇ ನಟನು ರಂಗಕ್ಕೆ ತಂದು ಆಡುವ ಪದ್ಧತಿ ಬೆಳೆದುಬಂದಿದೆ. ಅಂತಹ ಪ್ರಯೋಗಗಳಲ್ಲಿ ಎರಡು ಮುಖ್ಯವಾದುವು: ೧೯೭೮ರಲ್ಲಿ ಲಂಡನ್ನಿನಲ್ಲಿ ಅಲೆಕ್ ಮೆಕೋವನ್ ಆರಂಭಿಸಿದ ಮಾರ್ಕನ ಸುವಾರ್ತೆಯ ಪ್ರಯೋಗ, ೨೦೦೬ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲಾಗಿ, ಬಳಿಕ ಅಮೆರಿಕದ ಅನೇಕ ನಗರಗಳನ್ನು ಸುತ್ತಿದ, ಮ್ಯಾಕ್ಸ್ ಮೆಕ್ಲೇನ್ ಆಡಿದ 'ಸ್ಕ್ರೂಟೇಪನ ಪತ್ರಗಳು'. ಎರಡನ್ನೂ ಜನ ಮೆಚ್ಚಿದರು. ಎರಡರಲ್ಲಿಯೂ ಸಭೆ ನಕ್ಕಿತು. ಆದರೆ ಆ ಎರಡು ನಗೆಗಳು ಒಂದೇ ಜಾತಿಯವಲ್ಲ. ಧಾರ್ಮಿಕ ವಸ್ತುವುಳ್ಳ ನಾಟಕಕ್ಕೆ ಬರುವ ಭಕ್ತರ ಮೆಚ್ಚುಗೆಯು ಕಲೆಗೆ ಸಂದದ್ದೋ ಭಕ್ತಿಗೆ ಸಂದದ್ದೋ ಎಂದು ಕೇಳಿ, ಉತ್ತರ ದೊರೆಯದೆ, ಆ ಮೆಚ್ಚುಗೆಯನ್ನು ಲೆಕ್ಕದಿಂದಲೇ ತೆಗೆದುಹಾಕುವುದು ವಿಮರ್ಶಕರ ರೂಢಿ. ಇದು ಸರಿಯಾದ ಮಾರ್ಗವಲ್ಲ. ಸಭೆಯು ಎಲ್ಲಿ ನಕ್ಕಿತು, ಆ ನಗೆ ಮುಂದೆ ಏನಾಯಿತು ಎಂಬುದನ್ನು ಹಿಡಿದು ನಡೆದರೆ ಮೂಲಗ್ರಂಥದ ರಚನೆಯೇ ಹೊಸದಾಗಿ ಕಾಣಿಸಿಕೊಳ್ಳುತ್ತದೆ.

ಒಬ್ಬನೇ ನಟನೆಂಬ ನಿಯಮವು ಇಲ್ಲಿ ಕೇವಲ ಮಿತವ್ಯಯದ ಉಪಾಯವಾಗಿ ಬಂದುದಲ್ಲ. ಇಂಗ್ಲೆಂಡಿನಲ್ಲಿ ನಾಟಕಗಳನ್ನು ಪರೀಕ್ಷಿಸಿ ಅನುಮತಿ ಕೊಡುವ ಅಧಿಕಾರವು ೧೯೬೮ರ ವರೆಗೆ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನನ ಕೈಯಲ್ಲಿತ್ತು. ಯೇಸುಕ್ರಿಸ್ತನನ್ನು ಪಾತ್ರವಾಗಿ ಸಾರ್ವಜನಿಕ ರಂಗಕ್ಕೆ ತರಲು ಆತನ ಅಪ್ಪಣೆ ದೊರೆಯುತ್ತಿರಲಿಲ್ಲ. ೧೯೪೧ರ ಡಿಸೆಂಬರಿನಲ್ಲಿ ಡೊರೊತಿ ಸೇಯರ್ಸ್ ಎಂಬ ಲೇಖಕಿಯ ಹನ್ನೆರಡು ರೇಡಿಯೋ ನಾಟಕಗಳ ಮಾಲೆಯು ಪ್ರಸಾರವಾಗುವುದಕ್ಕೆ ಮುಂಚೆಯೇ ದೊಡ್ಡ ಗಲಭೆಯಾಯಿತು. ಯೇಸುವಿನ ಮಾತನ್ನು ಒಬ್ಬ ನಟನು ಆಡುವನೆಂಬುದೂ, ಶಿಷ್ಯರು ಬೀದಿಯ ಇಂಗ್ಲಿಷಿನಲ್ಲಿ ಮಾತನಾಡುವರೆಂಬುದೂ ಆಕ್ಷೇಪಣೆಗೆ ಕಾರಣಗಳು. ನಾಟಕವನ್ನು ಇನ್ನೂ ಯಾರೂ ಕೇಳಿರಲಿಲ್ಲವೆಂಬುದು ಗಮನಾರ್ಹ. ಪ್ರೇಕ್ಷಕರ ಪ್ರತಿಕ್ರಿಯೆಯು ಪ್ರಯೋಗಕ್ಕಿಂತ ಮೊದಲೇ ಬಂದ ವಿಚಿತ್ರ ನಿದರ್ಶನವಿದು. ಏಕನಟನು ಈ ತೊಡಕಿನಿಂದ ಸುಲಭವಾಗಿ ಪಾರಾಗುತ್ತಾನೆ. ಆತನು ಯಾರ ವೇಷವನ್ನೂ ಹಾಕುವುದಿಲ್ಲ. 'ಆತನು ಹೀಗೆಂದನು' ಎಂಬ ಕಥಕನ ಮಾತು ನಟನಿಗೂ ಪಾತ್ರಕ್ಕೂ ನಡುವೆ ಸದಾ ನಿಂತಿರುತ್ತದೆ. ಗಮಕಿಯು ಕುಮಾರವ್ಯಾಸನ ಕೃಷ್ಣನ ಮಾತನ್ನು ಹೇಳುವಾಗ ಆತನನ್ನು ಯಾರೂ ಕೃಷ್ಣನೆಂದು ಭ್ರಮಿಸುವುದಿಲ್ಲ, ಆದರೂ ಕೃಷ್ಣನ ಮಾತಿಗೆ ತಲೆದೂಗುತ್ತಾರೆ. ಆ ಸಂಬಂಧವನ್ನು ಕನ್ನಡ ವಾಚಕರಿಗೆ ವಿವರಿಸಬೇಕಾಗಿಲ್ಲ. ಫರ್ಡಿನಂಡ್ ಕಿಟ್ಟೆಲರು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಿಂದ ಕನ್ನಡ ಪದ್ಯರೂಪಕ್ಕೆ ತಂದುದು ಸಹ ಈ ಶ್ರವಣಪ್ರಿಯತೆಯನ್ನು ಅರಿತೇ ಇರಬೇಕು.

ಮೆಕೋವನ್ (೧೯೨೫–೨೦೧೭) ಪ್ರಸಿದ್ಧನಾದ ನಟ. ಪೀಟರ್ ಬ್ರೂಕ್ ೧೯೬೨ರಲ್ಲಿ ಪ್ರಯೋಗಿಸಿದ 'ಕಿಂಗ್ ಲಿಯರ್' ನಾಟಕದಲ್ಲಿ ವಿದೂಷಕನ ಪಾತ್ರವನ್ನು ಆಡಿದ್ದವನು. ೧೯೭೩ರಲ್ಲಿ 'ಈಕ್ವಸ್' ನಾಟಕದ ವೈದ್ಯನ ಪಾತ್ರದಿಂದ ಹೆಸರನ್ನು ಹೆಚ್ಚಿಸಿಕೊಂಡವನು. ಈತನು ಮಾರ್ಕನ ಸುವಾರ್ತೆಯ ಹದಿನಾರು ಅಧ್ಯಾಯಗಳನ್ನೂ ೧೬೧೧ರ ಇಂಗ್ಲಿಷ್ ಭಾಷಾಂತರದಲ್ಲಿದ್ದ ಮಾತುಗಳಲ್ಲಿಯೇ, ದಿನಕ್ಕೆ ಕೆಲವೇ ವಾಕ್ಯಗಳಂತೆ, ಒಂದು ವರ್ಷಕ್ಕೂ ಮೀರಿದ ಕಾಲದಲ್ಲಿ ಬಾಯಿಪಾಠಮಾಡಿದನು. ರಂಗದ ಮೇಲೆ ಒಂದು ಮೇಜು, ಕೆಲವು ಕುರ್ಚಿಗಳು, ಕುಡಿಯುವ ನೀರು. ಉಡುಪು ಆ ಕಾಲದ ಸಾಮಾನ್ಯ ಗೃಹಸ್ಥನದು. ಪ್ರಯೋಗಕ್ಕೆ ಮೊದಲು ಸುವಾರ್ತೆಯ ಸಣ್ಣ ಪ್ರತಿಯೊಂದನ್ನು ಮೇಜಿನ ಮೇಲೆ ಇಡುತ್ತಿದ್ದನು, ಮರೆತರೆ ನೋಡಿಕೊಳ್ಳಲೆಂಬಂತೆ. ಸಭೆಯು ಮೊದಲು ನಗುತ್ತಿದ್ದುದು ಇಲ್ಲಿ. ಅದು ನಿರುಪದ್ರವವಾದ ನಗೆಯಾದರೂ ಪ್ರಯೋಜನವುಳ್ಳದ್ದು. ಧರ್ಮಗ್ರಂಥವೆಂದೊಡನೆ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಕುಳಿತವರು ಸ್ವಲ್ಪ ಸಡಿಲವಾಗಿ ಕೂರುವಂತೆ ಅದು ಮಾಡಿತು. ಹ್ಯಾಮರ್‌ಸ್ಮಿತ್ತಿನ ರಿವರ್‌ಸೈಡ್ ರಂಗಮಂದಿರದಲ್ಲಿ ಮೊದಲಾದ ಪ್ರಯೋಗವು ಬೇಗನೆ ಲಂಡನ್ನಿನ ದೊಡ್ಡ ನಾಟಕಶಾಲೆಗಳನ್ನು ಸೇರಿತು. ಅದೇ ವರ್ಷ ನ್ಯೂಯಾರ್ಕಿಗೂ ಹೋಯಿತು. ೧೯೭೯ರಲ್ಲಿ ಅಮೆರಿಕದ ಟೋನಿ ಬಹುಮಾನಕ್ಕೆ ಸೂಚಿಸಲ್ಪಟ್ಟ ಶ್ರೇಷ್ಠ ನಟರ ಪಟ್ಟಿಯಲ್ಲಿ ಮೆಕೋವನ್‌ನ ಹೆಸರು ಈ ಪ್ರಯೋಗಕ್ಕಾಗಿಯೇ ಸೇರಿತ್ತು.

ಇದಕ್ಕೆ ಜನ ಕಿಕ್ಕಿರಿದು ಬಂದ ಕಾರಣವನ್ನು ನಟನ ಕೌಶಲದಲ್ಲಿ ಮಾತ್ರ ಹುಡುಕಿದರೆ ಸಾಲದು. ಕ್ರೈಸ್ತ ದೇವಾಲಯಗಳಲ್ಲಿ ಸುವಾರ್ತೆಯನ್ನು ವಾರವಾರಕ್ಕೆ ಒಂದೊಂದು ತುಂಡಾಗಿ ಓದುವುದು ವಾಡಿಕೆ. ಕುರುಡನಿಗೆ ಕಣ್ಣು ಬಂದದ್ದು ಒಂದು ಭಾನುವಾರ, ರೊಟ್ಟಿಗಳನ್ನು ಹಂಚಿದ್ದು ಇನ್ನೊಂದು ಭಾನುವಾರ. ಪ್ರತಿಯೊಂದು ತುಂಡಿನ ಮೇಲೂ ಪ್ರಸಂಗವೊಂದರ ಭಾರ. ಹೀಗೆ ಕೇಳಿದವನಿಗೆ ಕಥೆಗಳೆಲ್ಲವೂ ಗೊತ್ತು, ಕಥೆ ಗೊತ್ತಿಲ್ಲ. ೬೭೮ ವಾಕ್ಯಗಳ ಈ ಗ್ರಂಥವನ್ನು ಸುಮಾರು ಎರಡು ಗಂಟೆಗಳಲ್ಲಿ ಒಂದೇ ಕಂಠದಿಂದ ಕೇಳಿದಾಗ ಅದರ ನಡಿಗೆಯೇ ಬೇರೆ. ಮಾರ್ಕನ ಗ್ರೀಕು ಪಂಡಿತರ ಗ್ರೀಕಲ್ಲ. 'ಕೂಡಲೆ' ಎಂಬರ್ಥದ ಮಾತು ನಾಲ್ವತ್ತು ಸಲಕ್ಕೂ ಮೀರಿ ಬರುತ್ತದೆ. ನಡೆದುಹೋದ ಸಂಗತಿಯನ್ನು ವರ್ತಮಾನಕ್ರಿಯೆಯಲ್ಲಿ ಹೇಳುವ ಅಭ್ಯಾಸ ಪುಟಪುಟದಲ್ಲಿಯೂ ಇದೆ. 'ಮತ್ತು' 'ಮತ್ತು' ಎಂದು ವಾಕ್ಯಕ್ಕೆ ವಾಕ್ಯವನ್ನು ಕೊಕ್ಕೆ ಹಾಕುತ್ತ ಹೋಗುತ್ತದೆ. ಬರಹದಲ್ಲಿ ಒರಟಾಗಿ ಕಾಣುವ ಈ ಲಕ್ಷಣಗಳೆಲ್ಲವೂ ಬಾಯಿಂದ ಕಥೆಹೇಳುವವನ ಉಪಕರಣಗಳು. ಡೇವಿಡ್ ರೋಡ್ಸ್ ಮತ್ತು ಡೊನಾಲ್ಡ್ ಮಿಚೀ ಎಂಬ ವಿದ್ವಾಂಸರು ೧೯೮೨ರಲ್ಲಿ ಮಾರ್ಕನನ್ನು ಕಥೆಯನ್ನಾಗಿಯೇ ಓದಿ ಪುಸ್ತಕ ಬರೆದರು. ೨೦೦೩ರಲ್ಲಿ ವಿಟ್ನಿ ಶೈನರ್ ಎಂಬವರು ಇನ್ನೂ ಮುಂದಕ್ಕೆ ಹೋಗಿ, ಮೊದಲನೆಯ ಶತಮಾನದ ಸಭೆಯು ಈ ಗ್ರಂಥವನ್ನು ಕೇಳುವಾಗ ನಡುನಡುವೆ ಘೋಷಮಾಡಿ ಮೆಚ್ಚುತ್ತಿದ್ದಿರಬೇಕೆಂದೂ, ಅದಕ್ಕೆ ಎಡೆಗೊಡುವಂತೆಯೇ ಪಾಠವು ರಚಿತವಾಗಿದೆಯೆಂದೂ ವಾದಿಸಿದರು. ಈ ವಾದದ ವಿವರಗಳಲ್ಲಿ ಊಹೆಯ ಅಂಶ ಹೆಚ್ಚು. ಆದರೆ ವಿದ್ವತ್ಪ್ರಪಂಚವು ಈ ದಾರಿಯಲ್ಲಿ ಬಹುದೂರ ನಡೆಯುವುದಕ್ಕೆ ಮೊದಲೇ ನಾಟಕಶಾಲೆಯ ಸಭೆಯು ನಕ್ಕು, ಈ ಗ್ರಂಥವು ಕಿವಿಗೆ ಸೇರಿದ್ದೆಂದು ಸಾಕ್ಷಿ ನುಡಿದಿತ್ತು.

ನಗೆಯ ಎಡೆಗಳು ಯಾವುವು? ಐದನೆಯ ಅಧ್ಯಾಯದಲ್ಲಿ ಬಹುಕಾಲ ರೋಗದಿಂದ ನರಳಿದ ಹೆಂಗಸು ಇದ್ದಬದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು ಮೊದಲಿಗಿಂತಲೂ ಕೆಟ್ಟ ಸ್ಥಿತಿಗೆ ಬಂದಳೆಂಬ ಮಾತಿದೆ. ಯಾವ ನಾಡಿನ ಸಭೆಯಾದರೂ ಇದಕ್ಕೆ ನಗದೆ ಇರದು. ಏಳನೆಯ ಅಧ್ಯಾಯದಲ್ಲಿ ಪರದೇಶದ ಹೆಂಗಸೊಬ್ಬಳು ಯೇಸುವಿನ ಕಟುವಾದ ಉಪಮೆಯನ್ನೇ ಹಿಡಿದು ತಿರುಗಿಸಿ ಉತ್ತರ ಕೊಟ್ಟು ತನ್ನ ಕಾರ್ಯವನ್ನು ಸಾಧಿಸಿಕೊಳ್ಳುತ್ತಾಳೆ. ಅಲ್ಲಿ 'ಸಾಧು' ಎನ್ನುವಂತಾಗುತ್ತದೆ. ಆದರೆ ನಗೆಯ ಮುಖ್ಯ ಆಶ್ರಯ ಶಿಷ್ಯರು. ಆರನೆಯ ಅಧ್ಯಾಯದಲ್ಲಿ ಐದು ರೊಟ್ಟಿಗಳಿಂದ ಐದು ಸಾವಿರ ಮಂದಿ ಉಂಡು ಹನ್ನೆರಡು ಬುಟ್ಟಿ ಮಿಕ್ಕಿದೆ. ಎಂಟನೆಯ ಅಧ್ಯಾಯದಲ್ಲಿ ಮತ್ತೆ ನಾಲ್ಕು ಸಾವಿರ ಮಂದಿ ಹಸಿದು ಕುಳಿತಾಗ ಶಿಷ್ಯರು, ಹಿಂದೆ ಏನೂ ನಡೆದೇ ಇಲ್ಲವೆಂಬಂತೆ, ಈ ಅಡವಿಯಲ್ಲಿ ರೊಟ್ಟಿ ಎಲ್ಲಿಂದ ಬರಬೇಕೆಂದು ಕೇಳುತ್ತಾರೆ. ಅದೂ ತೀರಿ ದೋಣಿಯನ್ನು ಹತ್ತಿದಮೇಲೆ, ಇರುವುದು ಒಂದೇ ರೊಟ್ಟಿಯೆಂದು ತಮ್ಮತಮ್ಮಲ್ಲಿ ಪೇಚಾಡಿಕೊಳ್ಳುತ್ತಾರೆ. ಈ ಮೂರು ಪ್ರಸಂಗಗಳು ಮೂರು ಭಾನುವಾರಗಳಲ್ಲಿ ಬಂದರೆ ನಗುವಿಗೆ ಆಸ್ಪದವೇ ಇಲ್ಲ. ಅರ್ಧ ಗಂಟೆಯೊಳಗೆ ಬಂದರೆ ನಗದಿರುವುದು ಕಷ್ಟ. ಎರಡನೆಯ ಸಂತರ್ಪಣೆಯು ಲಿಪಿಕಾರರ ಕೈತಪ್ಪಿನಿಂದಲೋ ಎರಡು ಆಕರಗಳ ಬೆರಕೆಯಿಂದಲೋ ಬಂದ ಪುನರುಕ್ತಿಯೆಂದು ಬಗೆದಿದ್ದ ಪಂಡಿತರಿಗೆ ನಾಟಕಶಾಲೆಯ ನಗೆಯು ಒಂದು ಉತ್ತರ. ಪುನರುಕ್ತಿಯು ಅಲ್ಲಿ ದೋಷವಾಗಿ ನಿಲ್ಲದೆ ಪರಿಹಾಸದ ಕಟ್ಟಡವೇ ಆಗುತ್ತದೆ.

ಇಷ್ಟಕ್ಕೆ ನಿಂತಿದ್ದರೆ ಮೆಕೋವನ್‌ನ ಪ್ರಯೋಗವು ಗಂಭೀರ ಗ್ರಂಥದಲ್ಲಿಯೂ ವಿನೋದವುಂಟೆಂದು ತೋರಿಸಿದ ಚಮತ್ಕಾರವಾಗಿ ಉಳಿಯುತ್ತಿತ್ತು. ಆ ಕಾಲದ ಎಷ್ಟೋ ಪ್ರಶಂಸೆಗಳು ಅಷ್ಟನ್ನೇ ಹೇಳಿ ತೃಪ್ತಿಪಟ್ಟುವು. ಆದರೆ ಸಭೆಯ ನಗೆಗೆ ಗ್ರಂಥದೊಳಗೆ ಒಂದು ಗತಿಯಿದೆ. ಶಿಷ್ಯರನ್ನು ನೋಡಿ ನಗುವ ಪ್ರೇಕ್ಷಕನು ತನ್ನನ್ನು ತಿಳಿದವರ ಪಕ್ಕದಲ್ಲಿ ನಿಲ್ಲಿಸಿಕೊಂಡಿರುತ್ತಾನೆ. ಅವನಿಗೆ ಕಥೆ ಗೊತ್ತು, ಅವರಿಗೆ ಗೊತ್ತಿಲ್ಲ. ಎಂಟನೆಯ ಅಧ್ಯಾಯದಿಂದ ಮುಂದೆ ಯೇಸುವು ತನಗೆ ಬರಲಿರುವ ಮರಣವನ್ನು ಮೂರು ಸಲ ಸ್ಪಷ್ಟವಾಗಿ ಹೇಳುತ್ತಾನೆ. ಮೂರು ಸಲವೂ ಶಿಷ್ಯರು ಬೇರೆ ಏನನ್ನೋ ಯೋಚಿಸುತ್ತಿರುತ್ತಾರೆ. ಮೂರನೆಯ ಸಲವಾದರೆ ಯಾಕೋಬ ಯೋಹಾನರು ತಮಗೆ ಎಡಬಲಗಳ ಆಸನಗಳು ಬೇಕೆಂದು ಕೇಳಿಕೊಳ್ಳುತ್ತಾರೆ. ಸಭೆ ಇನ್ನೂ ನಗುತ್ತದೆ, ಆದರೆ ನಗೆ ತೆಳುವಾಗಿದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ, ಗೆತ್ಸೇಮನೆಯ ತೋಟದಲ್ಲಿ, ಎಚ್ಚರವಾಗಿರಿರೆಂದು ಕೇಳಿಕೊಂಡರೂ ಶಿಷ್ಯರು ಮೂರು ಸಲ ನಿದ್ದೆಹೋಗುತ್ತಾರೆ. ಮೊದಲಿನ ಪರಿಹಾಸಗಳಂತೆಯೇ ಇದರ ಕಟ್ಟಡವೂ ಮೂರಾವೃತ್ತಿಯದು. ಕಿವಿಯು ನಗೆಗೆ ಸಿದ್ಧವಾಗಿದೆ. ನಗೆ ಮಾತ್ರ ಬಾರದು. ಬಳಿಕ ಎಲ್ಲರೂ ಓಡಿಹೋದರೆಂಬ ಒಂದು ಚಿಕ್ಕ ವಾಕ್ಯ. ಅದರ ಬೆನ್ನಿಗೇ ನಾರುಮಡಿಯನ್ನು ಬಿಟ್ಟು ಬೆತ್ತಲೆಯಾಗಿ ಓಡಿದ ಅನಾಮಕ ತರುಣನ ಪ್ರಸಂಗ, ಮಾರ್ಕನಲ್ಲಿ ಮಾತ್ರ ಇರುವುದು. ಆಮೇಲೆ ಪೇತ್ರನ ಮೂರು ನಿರಾಕರಣೆಗಳು. ಅಲ್ಲಿಂದ ಮುಂದೆ ರಂಗದಲ್ಲಿ ನಟನೊಬ್ಬನೇ ನಿಂತಿರುವನೆಂಬ ಸಂಗತಿಯು ಹೊಸ ಅರ್ಥವನ್ನು ಪಡೆಯುತ್ತದೆ. ಗುಂಪನ್ನೂ ಶಿಷ್ಯರನ್ನೂ ತನ್ನ ಕಂಠದಿಂದಲೇ ತುಂಬಿದ್ದವನು ಈಗ ಖಾಲಿ ಕುರ್ಚಿಗಳ ನಡುವೆ ಇದ್ದಾನೆ. ನಕ್ಕವರು ತಾವು ಯಾರನ್ನು ನೋಡಿ ನಕ್ಕೆವೆಂಬುದನ್ನು ನೆನೆಯದೆ ಇರಲಾರರು. ಭರತನು ದೈವಿಕಿಯೆಂದು ಕರೆದ ನಿಶ್ಶಬ್ದವು ಇಂತಹ ಸ್ಥಳಕ್ಕೆ ಒಪ್ಪುವ ಮಾತು. ಆ ನಿಶ್ಶಬ್ದಕ್ಕೆ ಬೆಲೆ ಬಂದದ್ದು ಹಿಂದಿನ ನಗೆಯಿಂದ. ಅಭಿನವಗುಪ್ತನ ಸಾಧಾರಣೀಕರಣವು ಸಾಮಾನ್ಯವಾಗಿ ಪಾತ್ರದ ದುಃಖವು ಎಲ್ಲರ ದುಃಖವಾಗುವುದನ್ನು ಹೇಳುತ್ತದೆ. ಇಲ್ಲಿ ಸಾಧಾರಣವಾಗುವುದು ದುಃಖಕ್ಕಿಂತ ಮೊದಲು ತಪ್ಪು.

ಭಕ್ತನಾದ ಪ್ರೇಕ್ಷಕನಿಗೆ ಕಥೆ ಮೊದಲೇ ಗೊತ್ತಿರುವುದು ಕಲಾನುಭವಕ್ಕೆ ಅಡ್ಡಿಯೆಂಬ ವಾದವು ಇಲ್ಲಿ ತಲೆಕೆಳಗಾಗುತ್ತದೆ. ಮಾರ್ಕನ ಹಾಸ್ಯವು ಕೆಲಸಮಾಡುವುದೇ ಆ ಪೂರ್ವಪರಿಚಯದ ಬಲದಿಂದ; ಅದು ಕುಟುಕುವುದೂ ಆ ಪರಿಚಯವನ್ನೇ. ಪರಿಚಯವಿಲ್ಲದವನು ಶಿಷ್ಯರೊಡನೆ ತಾನೂ ತಿಳಿಯದೆ ನಡೆಯುತ್ತಾನೆ, ಅದಕ್ಕೂ ಅದರದೇ ಆದ ರುಚಿಯುಂಟು; ಆದರೆ ಹೆಚ್ಚು ಪೆಟ್ಟು ತಿನ್ನುವವನು ತಿಳಿದು ಬಂದವನು.

ಇನ್ನು ಎರಡನೆಯ ಪ್ರಯೋಗ. ಸಿ. ಎಸ್. ಲೂಯಿಸನ (೧೮೯೮–೧೯೬೩) 'ಸ್ಕ್ರೂಟೇಪನ ಪತ್ರಗಳು' ಮೊದಲು ೧೯೪೧ರಲ್ಲಿ, ಯುದ್ಧದ ನಡುವೆ, 'ದಿ ಗಾರ್ಡಿಯನ್' ಎಂಬ ಆಂಗ್ಲಿಕನ್ ಮತದ ವಾರಪತ್ರಿಕೆಯಲ್ಲಿ ವಾರಕ್ಕೊಂದರಂತೆ ಬಂದುವು. ಇದೇ ಹೆಸರಿನ ಪ್ರಸಿದ್ಧ ದಿನಪತ್ರಿಕೆ ಬೇರೆ. ಒಟ್ಟು ೩೧ ಪತ್ರಗಳು ಮಾರನೆಯ ವರ್ಷ ಪುಸ್ತಕವಾದುವು. ನರಕದ ಹಿರಿಯ ಅಧಿಕಾರಿಯಾದ ಸ್ಕ್ರೂಟೇಪನು ತನ್ನ ಸೋದರಳಿಯನೂ ಹೊಸ ಪಿಶಾಚನೂ ಆದ ವರ್ಮ್‌ವುಡ್ಡನಿಗೆ, ಒಬ್ಬ ಸಾಮಾನ್ಯ ಮನುಷ್ಯನನ್ನು ಕೆಡಿಸುವುದು ಹೇಗೆಂದು ಬುದ್ಧಿ ಹೇಳಿ ಬರೆದಂತೆ ಇವುಗಳ ರಚನೆ. ದೇವರು ಇಲ್ಲಿ 'ಶತ್ರು', ಸದ್ಗುಣಗಳು ಅಪಾಯಗಳು. ಪತ್ರಗಳು ವಾರವಾರ ಬರುತ್ತಿದ್ದಾಗ ಹಳ್ಳಿಯ ಪಾದ್ರಿಯೊಬ್ಬರು, ಈ ಉಪದೇಶವು ತಪ್ಪಾದುದಷ್ಟೇ ಅಲ್ಲದೆ ಪೈಶಾಚಿಕವೂ ಆಗಿದೆಯೆಂದು ಹೇಳಿ ಪತ್ರಿಕೆಯ ಚಂದಾವನ್ನು ನಿಲ್ಲಿಸಿದರೆಂದು ಲೂಯಿಸನು ತಾನೇ ಹಿಂದಿನಿಂದ ವಿನೋದವಾಗಿ ಬರೆದಿದ್ದಾನೆ. ಆ ಪಾದ್ರಿಯನ್ನು ನೋಡಿ ನಗುವುದು ಸುಲಭ. ಆದರೆ ಪುಸ್ತಕದ ಇತಿಹಾಸದಲ್ಲಿ ಸ್ಕ್ರೂಟೇಪನ ಮಾತಿಗೆ ನಿಜವಾಗಿ ಬೆಚ್ಚಿದವನು ಅವನೊಬ್ಬನೇ ಇರಬಹುದು.

ಈ ಕೃತಿಯು ರೂಪದಲ್ಲಿ ಸಂಸ್ಕೃತದ ಭಾಣಕ್ಕೆ ಬಹು ಸಮೀಪ. ದಶರೂಪಕಗಳಲ್ಲಿ ಒಂದಾದ ಭಾಣವು ಒಂದೇ ಅಂಕದ್ದು, ಒಬ್ಬನೇ ನಟನದು. ವಿಟನೋ ಧೂರ್ತನೋ ರಂಗಕ್ಕೆ ಬಂದು, ಕಾಣದ ಜನರೊಡನೆ ಆಕಾಶಭಾಷಿತದಿಂದ ಮಾತನಾಡುತ್ತ, ಅವರ ಪ್ರಶ್ನೆಗಳನ್ನು ತಾನೇ ಎತ್ತಿ ಆಡಿ ಉತ್ತರ ಕೊಡುತ್ತ, ಊರಿನ ಗುಟ್ಟುಗಳನ್ನೆಲ್ಲ ಬಯಲಿಗಿಡುತ್ತಾನೆ. ೧೯೨೨ರಲ್ಲಿ ಅಚ್ಚಾದ 'ಚತುರ್ಭಾಣಿ'ಯ ನಾಲ್ಕು ಕೃತಿಗಳನ್ನು ಓದಿದವರಿಗೆ ಸ್ಕ್ರೂಟೇಪನ ಧ್ವನಿ ಅಪರಿಚಿತವೆನಿಸದು. ವರ್ಮ್‌ವುಡ್ಡನ ಪತ್ರ ಒಂದೂ ಪುಸ್ತಕದಲ್ಲಿಲ್ಲ. ಅವನ ಮಾತೆಲ್ಲವೂ ಸೋದರಮಾವನ ಬಾಯಿಂದಲೇ ತಿಳಿಯಬೇಕು. ವಿಟನ ಲೋಕಜ್ಞಾನ, ಉಪದೇಶದ ಹುರುಪು, ಸ್ವಪ್ರತಿಷ್ಠೆ, ಒಳಗೊಳಗೇ ಇರುವ ಹಸಿವು, ಎಲ್ಲವೂ ಇವೆ. ಮೆಕ್ಲೇನನು ಜೆಫ್ರಿ ಫಿಸ್ಕೆ ಎಂಬವನೊಡನೆ ಸೇರಿ ಇದನ್ನು ರಂಗಕ್ಕೆ ಅಳವಡಿಸಿದಾಗ ಈ ರೂಪಸಾಮ್ಯದಿಂದಲೇ ಕೆಲಸ ಹಗುರವಾಗಿರಬೇಕು. ಬೆಲೆಬಾಳುವ ನಿಲುವಂಗಿಯನ್ನು ತೊಟ್ಟು, ಸುಖಾಸನದಲ್ಲಿ ಕುಳಿತ ಸ್ಕ್ರೂಟೇಪನು ಪತ್ರಗಳನ್ನು ಗಟ್ಟಿಯಾಗಿ ಹೇಳಿ ಬರೆಸುತ್ತಾನೆ. ಆರಂಭಕ್ಕೆ ಲೂಯಿಸನು ೧೯೫೯ರಲ್ಲಿ ಬರೆದ ಸ್ಕ್ರೂಟೇಪನ ಔತಣಭಾಷಣದ ಭಾಗವನ್ನು ಸೇರಿಸಿದೆ. ಮೂಲದಲ್ಲಿ ೨೨ನೆಯ ಪತ್ರದ ಕೊನೆಯಲ್ಲಿ ಮಾತ್ರ ಹೆಸರು ಕಾಣಿಸುವ ಟೋಡ್‌ಪೈಪ್ ಎಂಬ ಲೇಖಕಪಿಶಾಚವು ರಂಗದಲ್ಲಿ ಮಾತಿಲ್ಲದ ಜಂತುವಾಗಿ ಗುರುಗುಟ್ಟುತ್ತ, ಕುಣಿಯುತ್ತ, ಸಂದರ್ಭಕ್ಕೆ ತಕ್ಕಂತೆ ನಾನಾ ಭಂಗಿಗಳನ್ನು ತಾಳುತ್ತದೆ. ಲಕ್ಷಣಶಾಸ್ತ್ರದ ದೃಷ್ಟಿಯಿಂದ ಇದು ಶುದ್ಧ ಭಾಣವಲ್ಲ. ಮಾತನಾಡುವವನು ಒಬ್ಬನೇ ಆದುದರಿಂದ ಏಕನಟವೆಂದು ಎಣಿಸುವುದು ವಾಡಿಕೆ. ೨೦೧೦ರಲ್ಲಿ ಆರಂಭವಾದ ನ್ಯೂಯಾರ್ಕಿನ ವೆಸ್ಟ್‌ಸೈಡ್ ರಂಗಮಂದಿರದ ಸರದಿಯಲ್ಲಿ ಇದು ೩೦೯ ಪ್ರದರ್ಶನಗಳನ್ನು ಕಂಡಿತು.

ಈ ನಾಟಕದಲ್ಲಿ ಸಭೆಯು ಮಾರ್ಕನ ಸಭೆಗಿಂತ ಹೆಚ್ಚು ನಗುತ್ತದೆ. ತೊಂದರೆಯಿರುವುದೂ ಅಲ್ಲಿಯೇ. ಪತ್ರವೆಂಬುದು ಒಬ್ಬನು ಒಬ್ಬನಿಗೆ ಬರೆದುದು. ಅದನ್ನು ಓದುವ ಮೂರನೆಯವನು ಕದ್ದು ಓದುವವನು, ಒಬ್ಬಂಟಿ. ಎರಡನೆಯ ಪತ್ರದಲ್ಲಿ, ಹೊಸದಾಗಿ ದೇವಾಲಯಕ್ಕೆ ಹೋಗತೊಡಗಿದವನ ದೃಷ್ಟಿಯನ್ನು ಅಕ್ಕಪಕ್ಕದವರ ಕಡೆಗೆ ತಿರುಗಿಸಬೇಕೆಂದು ಸ್ಕ್ರೂಟೇಪನು ಹೇಳಿಕೊಡುತ್ತಾನೆ: ಅವರ ಶ್ರುತಿತಪ್ಪಿದ ಹಾಡು, ಕಿರುಗುಟ್ಟುವ ಜೋಡು, ವಿಚಿತ್ರವಾದ ಉಡುಪು, ಇವನ್ನು ಕಂಡು ಅವನಿಗೆ ಭಕ್ತಿಯ ಮೇಲೆಯೇ ಜುಗುಪ್ಸೆ ಹುಟ್ಟಬೇಕು. ಕೋಣೆಯಲ್ಲಿ ಒಬ್ಬನೇ ಕುಳಿತು ಇದನ್ನು ಓದುವವನಿಗೆ ಕಳೆದ ಭಾನುವಾರದ ತನ್ನ ನೆನಪೇ ಚುಚ್ಚುತ್ತದೆ. ನಾಟಕಶಾಲೆಯಲ್ಲಿ ಕೇಳುವವನಿಗಾದರೋ ಅಕ್ಕಪಕ್ಕದವರು ನಿಜವಾಗಿಯೂ ಇದ್ದಾರೆ, ಅವರೂ ನಗುತ್ತಿದ್ದಾರೆ. ಹದಿನೇಳನೆಯ ಪತ್ರದಲ್ಲಿ ಅಲ್ಪಾಹಾರವನ್ನೇ ಹಟದಿಂದ ಬೇಡಿ ಮನೆಮಂದಿಯನ್ನೆಲ್ಲ ಗೋಳುಹುಯ್ದುಕೊಳ್ಳುವ ಮುದುಕಿಯೊಬ್ಬಳ ಚಿತ್ರವಿದೆ. ಹೊಟ್ಟೆಬಾಕತನವು ಪ್ರಮಾಣದಲ್ಲಿಲ್ಲದೆ ಹಟದಲ್ಲಿಯೂ ಇರಬಹುದೆಂಬುದು ಅದರ ಸೂಕ್ಷ್ಮ. ಸಭೆಯಲ್ಲಿ ಪ್ರತಿಯೊಬ್ಬನಿಗೂ ಅಂತಹ ಅತ್ತೆಯೋ ಅಜ್ಜಿಯೋ ನೆನಪಾಗುತ್ತಾಳೆ, ತಾನು ನೆನಪಾಗುವುದಿಲ್ಲ. ಓದಿನಲ್ಲಿ ಕನ್ನಡಿಯಾಗಿದ್ದುದು ರಂಗದಲ್ಲಿ ಕಿಟಕಿಯಾಗಿಬಿಡುತ್ತದೆ.

ಈ ನಗೆಯ ವಿಮರ್ಶೆಯನ್ನು ಹೊರಗಿನಿಂದ ತರಬೇಕಾಗಿಲ್ಲ, ಗ್ರಂಥದಲ್ಲಿಯೇ ಇದೆ. ಹನ್ನೊಂದನೆಯ ಪತ್ರದಲ್ಲಿ ಸ್ಕ್ರೂಟೇಪನು ಮನುಷ್ಯರ ನಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ: ಆನಂದದಿಂದ ಬರುವುದು, ಆಟದಿಂದ ಬರುವುದು, ಸರಿಯಾದ ಹಾಸ್ಯೋಕ್ತಿಯಿಂದ ಬರುವುದು, ಲಘುಬುದ್ಧಿಯಿಂದ ಬರುವುದು. ಮೊದಲಿನ ಎರಡರಿಂದ ನರಕಕ್ಕೆ ಲಾಭವಿಲ್ಲ, ಮೂರನೆಯದರಿಂದ ಸ್ವಲ್ಪ ಉಂಟು, ನಾಲ್ಕನೆಯದು ಅತ್ಯುತ್ತಮ. ಏಕೆಂದರೆ ಲಘುಬುದ್ಧಿಯವರ ನಡುವೆ ಹಾಸ್ಯವನ್ನು ಯಾರೂ ಹುಟ್ಟಿಸಬೇಕಾಗಿಲ್ಲ, ಅದು ಆಗಲೇ ಹುಟ್ಟಿದೆಯೆಂದು ಎಲ್ಲರೂ ಭಾವಿಸಿ ನಕ್ಕುಬಿಡುತ್ತಾರೆ. ಹಾಸ್ಯವನ್ನು ಸ್ಮಿತ, ಹಸಿತ ಮೊದಲಾಗಿ ಆರು ಬಗೆಯಾಗಿ ವಿಂಗಡಿಸಿದ ಭಾರತೀಯ ಲಾಕ್ಷಣಿಕರು ನಗೆಯ ಪ್ರಮಾಣವನ್ನೂ ನಗುವವನ ಅಂತಸ್ತನ್ನೂ ನೋಡಿದರೇ ಹೊರತು ಅದು ಮನಸ್ಸಿಗೆ ಏನು ಮಾಡುತ್ತದೆಂಬುದನ್ನು ಇಷ್ಟು ಹತ್ತಿರದಿಂದ ನೋಡಲಿಲ್ಲ. ಈ ಪತ್ರದ ಬೆಳಕಿನಲ್ಲಿ ಮೆಕ್ಲೇನನ ಪ್ರಯೋಗವನ್ನು ಪರೀಕ್ಷಿಸಿದರೆ ಅದರ ಬಲವೂ ಕೊರತೆಯೂ ತಿಳಿಯುತ್ತವೆ. ಅವನ ವಾಕ್ಪಟುತ್ವ ಉಜ್ಜ್ವಲವಾದದ್ದು. ಲೂಯಿಸನ ದೀರ್ಘವಾಕ್ಯಗಳ ತೂಕ ಎಲ್ಲಿಯೂ ತಪ್ಪುವುದಿಲ್ಲ. ಆದರೆ ಸ್ಕ್ರೂಟೇಪನು ಮನೋಹರನಾದಷ್ಟೂ ಸಭೆಯು ಅವನ ಕಡೆಗೆ ಸೇರುತ್ತದೆ. ಅದು ಕೃತಿಗೆ ಅವಶ್ಯಕ, ವಿಟನು ಮೆಚ್ಚಿಸದಿದ್ದರೆ ಭಾಣವೇ ಇಲ್ಲ. ಹೀಗೆ ಸೇರಿದ ಸಭೆಯನ್ನು ಮತ್ತೆ ಹಿಂದಕ್ಕೆ ಎಳೆದು ಬೆಚ್ಚಿಸುವ ಉಪಾಯವು ಮಾರ್ಕನ ಕಥೆಯಲ್ಲಿರುವಂತೆ ಇಲ್ಲಿ ನಡುವೆ ಎಲ್ಲಿಯೂ ಇಲ್ಲ. ಟೋಡ್‌ಪೈಪಿನ ಚೇಷ್ಟೆಗಳು ಆ ಕೆಲಸವನ್ನು ಮಾಡುವ ಬದಲು ಇನ್ನಷ್ಟು ನಗಿಸುತ್ತವೆ. ದೇವದೂತನೊಬ್ಬನು ಅದೇ ಮನುಷ್ಯನ ರಕ್ಷಕನಿಗೆ ಬರೆದ ಪತ್ರಗಳೂ ಇದ್ದರೆ ಕೃತಿಯು ಸಮತೋಲವಾಗುತ್ತಿತ್ತೆಂದೂ, ಅಂತಹುದನ್ನು ಬರೆಯಬಲ್ಲವರು ಯಾರೂ ಇಲ್ಲವೆಂದೂ ಲೂಯಿಸನು ಒಪ್ಪಿಕೊಂಡಿದ್ದಾನೆ. ರಂಗದಲ್ಲಿ ಆ ಕೊರತೆ ಇಮ್ಮಡಿಯಾಗುತ್ತದೆ.

ಕೊನೆಯ ಪತ್ರ ಮಾತ್ರ ಇದಕ್ಕೆ ಅಪವಾದ. ವಿಮಾನದಾಳಿಯಲ್ಲಿ ಆ ಮನುಷ್ಯನು ಸಾಯುತ್ತಾನೆ, ಕೈತಪ್ಪಿಹೋಗುತ್ತಾನೆ. ಅವನು ಕಂಡದ್ದನ್ನು ವರ್ಣಿಸುವ ಕೆಲಸ ಸ್ಕ್ರೂಟೇಪನ ಪಾಲಿಗೇ ಬರುತ್ತದೆ. ದ್ವೇಷದಿಂದ ಉರಿಯುತ್ತ, ಆದರೆ ಸುಳ್ಳುಹೇಳಲಾರದೆ, ಮುಕ್ತಿಯ ವರ್ಣನೆಯನ್ನು ಪಿಶಾಚವೇ ಮಾಡಬೇಕಾಗುತ್ತದೆ. ಇಲ್ಲಿ ಏಕನಟರೂಪವು ಪುಸ್ತಕಕ್ಕಿಂತ ಮೇಲಾಗಿ ಗೆಲ್ಲುತ್ತದೆ. ಅದುವರೆಗೆ ನಗಿಸಿದ ಅದೇ ಕಂಠದಿಂದ, ಬೇರೊಬ್ಬ ನಟನ ಸಹಾಯವಿಲ್ಲದೆ, ವಿರೋಧಿಯ ಮಹಿಮೆ ಹೊರಬರುತ್ತದೆ. ಸಭೆಗೆ ನಗಲು ಏನೂ ಉಳಿದಿರುವುದಿಲ್ಲ. ಈ ಒಂದು ಪತ್ರದ ಬಲದಿಂದ ಇಡೀ ನಾಟಕವನ್ನು ಸಮರ್ಥಿಸುವವರುಂಟು. ಅಷ್ಟು ತಡವಾಗಿ ಬಂದ ಮೌನವು ಹಿಂದಿನ ನಗೆಯನ್ನೆಲ್ಲ ತಿದ್ದಬಲ್ಲದೆಂದು ಒಪ್ಪುವುದು ಕಷ್ಟ.

ಸಭೆ ಎಂತಹುದೆಂಬ ಪ್ರಶ್ನೆಯೂ ಉಳಿದಿದೆ. ಮೆಕ್ಲೇನನ ಸಂಸ್ಥೆಯು ಕ್ರೈಸ್ತದೃಷ್ಟಿಯ ನಾಟಕಗಳನ್ನು ನಾನಾ ಬಗೆಯ ಪ್ರೇಕ್ಷಕರ ಮುಂದೆ ಇಡುವುದನ್ನು ತನ್ನ ಉದ್ದೇಶವೆಂದು ಬಹಿರಂಗವಾಗಿ ಹೇಳಿಕೊಂಡದ್ದು. ಅದರ ಪ್ರದರ್ಶನಗಳ ಬಳಿಕ ನಟನು ಸಭೆಯೊಡನೆ ಮಾತುಕತೆ ನಡೆಸುವುದೂ ಉಂಟು. ಪ್ರಶ್ನೋತ್ತರದಲ್ಲಿ ಪ್ರಾಮಾಣಿಕತೆ ಇದೆ, ಸಂದೇಹವಿಲ್ಲ. ಆದರೆ ಅದು ಮೌನಕ್ಕೆ ಅವಕಾಶವನ್ನು ಕೊಡದೆ, ಅನುಭವವನ್ನು ಹುಟ್ಟಿದ ಕೂಡಲೆ ಅಭಿಪ್ರಾಯವನ್ನಾಗಿ ಮಾಡಿಸುತ್ತದೆ. ಇದಕ್ಕೆ ಎದುರಾದ ತುದಿಯನ್ನು ೨೦೧೭ರಲ್ಲಿ ಡೇವಿಡ್ ಸೂಷೇ ಎಂಬ ನಟನು ಲಂಡನ್ನಿನ ಸಂತ ಪೌಲರ ಮಹಾದೇವಾಲಯದಲ್ಲಿ ಮಾರ್ಕನ ಸುವಾರ್ತೆಯನ್ನು ಪೂರ್ತಿಯಾಗಿ ಓದಿದಾಗ ಕಾಣಬಹುದು. ಅಲ್ಲಿ ಸ್ಥಳದ ಗಾಂಭೀರ್ಯವೇ ನಗೆಯನ್ನು ತಡೆಯುತ್ತದೆ. ದೋಣಿಯಲ್ಲಿ ಪೇಚಾಡುವ ಶಿಷ್ಯರೂ ಕಲ್ಲಿನ ಕಮಾನುಗಳ ಕೆಳಗೆ ಸಂತರಾಗಿಬಿಡುತ್ತಾರೆ. ಗ್ರಂಥವು ಒಂದೇ ಆದರೂ ದೇವಾಲಯವು ಸಿದ್ಧಮೌನವನ್ನು ಮೊದಲೇ ಒದಗಿಸಿಕೊಡುತ್ತದೆ, ನಾಟಕಶಾಲೆಯಲ್ಲಿ ನಟನು ಅದನ್ನು ಗಳಿಸಬೇಕು. ಚಾರ್ಲ್ಸ್ ಡಿಕನ್ಸನು ೧೮೫೩ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪುರಭವನದಲ್ಲಿ ತನ್ನ ಕ್ರಿಸ್‌ಮಸ್ ಕಥೆಯನ್ನು ಜನರ ಮುಂದೆ ಮೊದಲ ಬಾ‌ರಿಗೆ ಓದಿದನು. ಮುಂದೆ ಇಂತಹ ವಾಚನಗಳಲ್ಲಿ, ಕೇಳುಗರು ತಮ್ಮ ನಗೆಯನ್ನಾಗಲಿ ಕಣ್ಣೀರನ್ನಾಗಲಿ ಅಡಗಿಸಬೇಕಾಗಿಲ್ಲವೆಂದು ಹೇಳಿಯೇ ಆರಂಭಿಸುವುದುಂಟಾಗಿತ್ತು. ಏಕನಟನಿಗೆ ಎದುರುಪಾತ್ರವು ಸಭೆಯೇ ಎಂಬುದನ್ನು ಅವನು ತಿಳಿದಿದ್ದನು.

ಮಾರ್ಕನ ಸುವಾರ್ತೆಯ ಕೊನೆಯು ಈ ಎದುರುಪಾತ್ರಕ್ಕೆ ಬಿಟ್ಟ ಕಠಿನವಾದ ಮಾತು. ನಾಲ್ಕನೆಯ ಶತಮಾನದ ಎರಡು ಪ್ರಾಚೀನ ಹಸ್ತಪ್ರತಿಗಳಲ್ಲಿ ಗ್ರಂಥವು ಹದಿನಾರನೆಯ ಅಧ್ಯಾಯದ ಎಂಟನೆಯ ವಾಕ್ಯಕ್ಕೆ ಮುಗಿಯುತ್ತದೆ: ಹೆಂಗಸರು ಬರಿದಾದ ಸಮಾಧಿಯನ್ನು ಕಂಡು, ನಡುಗಿ ಓಡಿಹೋಗಿ, ಭಯದಿಂದ ಯಾರಿಗೂ ಏನನ್ನೂ ಹೇಳಲಿಲ್ಲ. ಮುಂದಿನ ಹನ್ನೆರಡು ವಾಕ್ಯಗಳು ಬಳಿಕ ಸೇರಿದುವೆಂದು ಬಹುಮಂದಿ ವಿದ್ವಾಂಸರ ಮತ. ಮೆಕೋವನ್ ಆಯ್ದುಕೊಂಡ ೧೬೧೧ರ ಪಾಠದಲ್ಲಿ ಅವು ಸೇರಿವೆ. ಅದರಲ್ಲಿ ಗ್ರಂಥವು ಆಮೆನ್ ಎಂಬ ಶಬ್ದದಿಂದ ಮುಗಿದು, ಚಪ್ಪಾಳೆಗೆ ಎಲ್ಲಿ ಆರಂಭಿಸಬೇಕೆಂಬುದು ಸಭೆಗೆ ತಿಳಿಯುತ್ತದೆ. ತಾನೂ ಮಾರ್ಕನನ್ನು ಬಾಯಿಪಾಠಮಾಡಿ ಸಭೆಗಳ ಮುಂದೆ ಆಡುತ್ತಿದ್ದ ರೋಡ್ಸನು ಎಂಟನೆಯ ವಾಕ್ಯಕ್ಕೆ ನಿಲ್ಲಿಸಿಬಿಡುತ್ತಿದ್ದನು. ಹೆಂಗಸರು ಹೇಳದೆ ಬಿಟ್ಟ ಸುದ್ದಿಯನ್ನು ಈಗ ಬಲ್ಲವರು ಆ ಕೋಣೆಯಲ್ಲಿ ಕುಳಿತ ಕೇಳುಗರು ಮಾತ್ರ.